ಪಲ್ಲಕ್ಕಿಯಲ್ಲಿ ಕೂತವನು ರಾಜನಲ್ಲ

ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ ಒಂದು ಭಾನುವಾರ ನಾನು ನೋಟ್‌ಬುಕ್ ಹಿಡಿದು ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದೆ. ಎದುರಿಗೆ ಪಶ್ಚಿಮದ ಗೋಡೆ ತುಂಬಾ ಯುದ್ಧದ ಚಿತ್ರ. ಆನೆ, ಕುದುರೆ, ಕೆಂಪು ಕೋಟು, ಉರುಳಿದ ರುಂಡಗಳು. ಅಪ್ಪನ ಹೆಗಲ ಮೇಲೆ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ಚಿತ್ರದ ಕಡೆ ಬೆರಳು ಚಾಚಿ, ‘ಅಪ್ಪಾ, ಪಲ್ಲಕ್ಕೀಲಿ ಕೂತಿರೋದು ಯಾರು?’ ಎಂದಳು. ಅಪ್ಪ ಒಂದು ಕ್ಷಣ ನೋಡಿ, ‘ರಾಜ ಇರ್ಬೇಕು ಪುಟ್ಟಿ. ಪಲ್ಲಕ್ಕೀಲಿ ರಾಜ್ರು ತಾನೆ ಕೂರೋದು’ ಎಂದರು. ಅವಳಿಗೆ ಅದು ಸರಿ ಅನ್ನಿಸಿತು. ಇಬ್ಬರೂ ಮುಂದಕ್ಕೆ ಹೋದರು.

ಪಲ್ಲಕ್ಕಿಯಲ್ಲಿ ಕೂತವನು ರಾಜನಲ್ಲ, ಕರ್ನಲ್ ವಿಲಿಯಂ ಬೇಲಿ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಪಡೆಗೆ ಸೋತು ಸೆರೆಸಿಕ್ಕ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ಗಾಯಗೊಂಡು, ಬೆರಳು ಕಚ್ಚಿಕೊಂಡು ಕೂತಿದ್ದಾನೆ. ಎರಡು ವರ್ಷದ ನಂತರ ಇದೇ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ. ಗೆದ್ದವರು ತಮ್ಮ ಗೆಲುವನ್ನು ತೋರಿಸಿಕೊಳ್ಳಲು ಬರೆಸಿದ ಚಿತ್ರ ಅದು. ಅದನ್ನು ನೋಡಲು ಬಂದವರು ಸೋತವನನ್ನೇ ರಾಜ ಅಂದುಕೊಂಡು ಹೋಗುತ್ತಿದ್ದಾರೆ.

ನಾನು ನಗಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ಪ್ರವಾಸಕ್ಕೆ ಬಂದು ನಾನೂ ಹಾಗೇ ಅಂದುಕೊಂಡಿದ್ದೆ. ಆಗ ನಮಗೆ ಸಿಕ್ಕಿದ್ದು ಹತ್ತು ನಿಮಿಷ. ‘ಸಾಲಾಗಿ ಬನ್ನಿ, ಏನೂ ಮುಟ್ಬೇಡಿ’ ಅಂದಿದ್ದು ಬಿಟ್ಟರೆ ಮೇಷ್ಟ್ರು ಇನ್ನೇನು ಹೇಳಿದರೋ ನೆನಪಿಲ್ಲ. ಹೊರಗಿನ ಹುಲ್ಲಿನ ಮೇಲೆ ಕೂತು ತಿಂದ ಚಿತ್ರಾನ್ನ ಮಾತ್ರ ಚೆನ್ನಾಗಿ ನೆನಪಿದೆ.

ಈ ಸಲ ಬಂದಿದ್ದು ಪ್ರಾಜೆಕ್ಟ್‌ಗಾಗಿ. ನಾನು ಮೆಕ್ಯಾನಿಕಲ್ ಮೂರನೇ ವರ್ಷ. ಕಾಲೇಜುಗಳ ನಡುವಿನ ವಿನ್ಯಾಸ ಸ್ಪರ್ಧೆಯೊಂದಕ್ಕೆ ನಾವು ನಾಲ್ವರು ಹೆಸರು ಕೊಟ್ಟಿದ್ದೆವು. ನಿಮಗೆ ಹತ್ತಿರದ ಒಂದು ಮ್ಯೂಸಿಯಂ ಆರಿಸಿಕೊಂಡು, ಅಲ್ಲಿನ ಪ್ರದರ್ಶನವನ್ನು ಹೊಸದಾಗಿ ರೂಪಿಸಿ ಎನ್ನುವುದು ವಿಷಯ. ಎಲ್ಲಾ ಕಾಗದದ ಮೇಲೆ ಅಷ್ಟೆ. ಯಾವ ಇಲಾಖೆಯೂ ನಮ್ಮನ್ನು ಕೇಳಿರಲಿಲ್ಲ, ಕೇಳುವುದೂ ಇಲ್ಲ. ಆದರೆ ನಮ್ಮ ಊರು ಪಾಂಡವಪುರದ ಪಕ್ಕ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಪಡೆ ಬೀಡುಬಿಟ್ಟಿದ್ದಕ್ಕೆ ಇಂಗ್ಲಿಷರು ಪಾಂಡವಪುರವನ್ನು ‘ಫ್ರೆಂಚ್ ರಾಕ್ಸ್’ ಅಂತಲೇ ಕರೆಯುತ್ತಿದ್ದರು. ನಮ್ಮ ತಾತನ ಬಾಯಲ್ಲಿ ಅದು ಇವತ್ತಿಗೂ ಹಿರೋಡೆ. ಒಂದೇ ಊರಿಗೆ ಮೂರು ಹೆಸರು ಇಟ್ಟುಕೊಂಡು ಬೆಳೆದವನಿಗೆ ದರಿಯಾ ದೌಲತ್ ಬಿಟ್ಟು ಬೇರೆ ಮ್ಯೂಸಿಯಂ ಹೊಳೆಯಲಿಲ್ಲ.

ಮೊದಲ ದಿನ ನಮ್ಮ ಪಟ್ಟಿ ಭರ್ಜರಿಯಾಗಿತ್ತು. ವಿಆರ್ ಹೆಡ್‌ಸೆಟ್, ಟಚ್ ಸ್ಕ್ರೀನ್, ಹೊಲೊಗ್ರಾಂ ಟಿಪ್ಪು, ನೆಲ ನಡುಗಿಸುವ ಫಿರಂಗಿ ಸದ್ದು. ಕಂಪ್ಯೂಟರ್ ಸೈನ್ಸ್‌ನ ಗೆಳೆಯ ಆಗಲೇ ಆ್ಯಪ್‌ಗೆ ಹೆಸರು ಯೋಚಿಸುತ್ತಿದ್ದ. ಸಿವಿಲ್ ಓದುವ ಕೊಡಗಿನ ಗೆಳತಿ ಮಾತ್ರ, ‘ಮೊದ್ಲು ಹೋಗಿ ನೋಡೋಣ, ಅದು ಮರದ ಕಟ್ಟಡ ಕಣ್ರೋ’ ಎಂದಳು. ಅವಳು ಹೇಳಿದ್ದು ನಿಜ. 1784ರ ಸುಮಾರಿಗೆ ಕಟ್ಟಿದ, ಹೆಚ್ಚಾಗಿ ತೇಗದ ಮರದ ಬೇಸಿಗೆ ಅರಮನೆ. ಬಿಸಿಲಿನಿಂದ ಚಿತ್ರಗಳನ್ನು ಕಾಯಲು ಸುತ್ತ ಹಸಿರು ಪರದೆ ಇಳಿಬಿಟ್ಟಿದ್ದಾರೆ. ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ನಮ್ಮಂಥವರು ಒಂದು ಮೊಳೆ ಹೊಡೆಯುವ ಕನಸನ್ನೂ ಕಾಣುವಂತಿಲ್ಲ. ಗೋಡೆಯಲ್ಲಿ ವೈರಿಂಗ್‌ಗೆ ಜಾಗ ಹುಡುಕುತ್ತಿದ್ದ ಎಲೆಕ್ಟ್ರಾನಿಕ್ಸ್ ಗೆಳೆಯ ತನ್ನ ಪೆನ್ನಿಗೆ ಮುಚ್ಚಳ ಹಾಕಿದ.

ಹಾಗಾಗಿ ನಾವು ಬರೀ ನೋಡತೊಡಗಿದೆವು. ಚಿತ್ರಗಳನ್ನಲ್ಲ, ನೋಡುವವರನ್ನು. ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ನಿಲ್ಲುವುದಿಲ್ಲ, ಏನು ಕೇಳಿಕೊಳ್ಳುತ್ತಾರೆ. ಮೂರು ಭಾನುವಾರ ಇದೇ ಕೆಲಸ. ಹೆಚ್ಚಿನವರು ಯುದ್ಧದ ಗೋಡೆಯ ಮುಂದೆ ಒಂದು ನಿಮಿಷವೂ ನಿಲ್ಲಲಿಲ್ಲ. ನಿಂತವರು ಒಬ್ಬರನ್ನೊಬ್ಬರು ಕೇಳಿಕೊಂಡ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ‘ಇದ್ರಲ್ಲಿ ಟಿಪ್ಪು ಯಾರು?’ ಗೈಡ್ ಜೊತೆಗಿದ್ದವರಿಗೆ ಉತ್ತರ ಸಿಕ್ಕಿತು. ಉಳಿದವರು ಪಲ್ಲಕ್ಕಿಯಲ್ಲಿದ್ದವನನ್ನೇ ಟಿಪ್ಪು ಮಾಡಿಕೊಂಡು ಹೊರಟರು.

ನನ್ನ ಪಾಲಿಗೆ ಬಂದಿದ್ದು ರಾಕೆಟ್. ಬೇರೆ ಯಾರಿಗೂ ಬಿಟ್ಟುಕೊಡಲು ನಾನೂ ತಯಾರಿರಲಿಲ್ಲ. ಅಬ್ದುಲ್ ಕಲಾಂ ತಮ್ಮ ಆತ್ಮಕಥೆಯಲ್ಲಿ, ಅಮೆರಿಕದ ವಾಲಪ್ಸ್ ಕೇಂದ್ರದಲ್ಲಿ ಮೈಸೂರಿನ ರಾಕೆಟ್ ಯುದ್ಧದ ಚಿತ್ರ ನೋಡಿದ್ದನ್ನು ಬರೆದಿದ್ದಾರಲ್ಲ, ಅದನ್ನು ಓದಿಯೇ ನಮ್ಮಲ್ಲಿ ಅರ್ಧ ಜನ ಎಂಜಿನಿಯರಿಂಗ್ ಸೇರಿದ್ದು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಪಾಳು ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದಾಗ ನಾನು ಸಣ್ಣವನು. ಪತ್ರಿಕೆಯಲ್ಲಿ ಬಂದ ಫೋಟೊ ಕತ್ತರಿಸಿ ಇಟ್ಟುಕೊಂಡಿದ್ದೆ. ನಿಜ ಹೇಳಬೇಕೆಂದರೆ ಆ ಫೋಟೊ ನೋಡಿ ಸ್ವಲ್ಪ ನಿರಾಸೆಯೂ ಆಗಿತ್ತು. ಗೇಣುದ್ದದ, ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು. ಬೋರ್‌ವೆಲ್ ಪೈಪಿನ ತುಂಡು ಅಂದರೂ ನಂಬಬಹುದಿತ್ತು.

ತೊಂದರೆ ಇರುವುದು ಅಲ್ಲೇ. ರಾಕೆಟ್ ಅಂದರೆ ಆ ಕೊಳವೆ ಮಾತ್ರ ಅಲ್ಲ. ಅದನ್ನು ಚರ್ಮದ ಪಟ್ಟಿಯಿಂದ ಉದ್ದನೆಯ ಬಿದಿರಿಗೆ ಕಟ್ಟುತ್ತಿದ್ದರು. ಕೆಲವಕ್ಕೆ ಕತ್ತಿಯ ಅಲಗನ್ನು. ಆ ಬಿದಿರು ಇಲ್ಲದಿದ್ದರೆ ರಾಕೆಟ್ ಎತ್ತೆತ್ತಲೋ ಸುತ್ತಿ ಹಚ್ಚಿದವನ ಮೇಲೇ ಬಂದೀತು. ಬಾಣಕ್ಕೆ ಗರಿ ಇದ್ದಂತೆ ಅದು. ದೀಪಾವಳಿಯಲ್ಲಿ ಕಡ್ಡಿ ಮುರಿದ ರಾಕೆಟ್ ಹಚ್ಚಿ ಪಕ್ಕದ ಮನೆಯವರಿಂದ ಬೈಸಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಬಿದಿರು ಕೊಳೆತು ಮಣ್ಣಾಗುತ್ತದೆ, ಕಬ್ಬಿಣ ಉಳಿಯುತ್ತದೆ. ಉಳಿದದ್ದನ್ನಷ್ಟೇ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ನೋಡಿದವರಿಗೆ ಕಾಣುವುದು ಪೈಪೇ.

ಇನ್ನು ಕಬ್ಬಿಣವೇ ಯಾಕೆ? ಯುರೋಪಿನಲ್ಲಿ ಆಗ ರಾಕೆಟ್ಟಿಗೆ ಕಾಗದದ ಕೊಳವೆ ಬಳಸುತ್ತಿದ್ದರು. ಒಳಗೆ ಮದ್ದು ಉರಿದಾಗ ಹುಟ್ಟುವ ಒತ್ತಡ ಹೆಚ್ಚಾದರೆ ಕಾಗದ ಸಿಡಿಯುತ್ತದೆ. ಮೈಸೂರಿನವರು ಬಡಿದು ಮಾಡಿದ ಮೆದು ಕಬ್ಬಿಣದ ಕೊಳವೆ ಆ ಒತ್ತಡವನ್ನು ತಡೆಯುತ್ತಿತ್ತು. ಹಾಗಾಗಿ ಮದ್ದನ್ನು ಇನ್ನೂ ಗಟ್ಟಿಯಾಗಿ ತುಂಬಬಹುದು. ಅನಿಲ ಸಣ್ಣ ಬಾಯಿಂದ ಇನ್ನೂ ಜೋರಾಗಿ ನುಗ್ಗುತ್ತದೆ. ರಾಕೆಟ್ ಇನ್ನೂ ದೂರ ಹೋಗುತ್ತದೆ. ಥರ್ಮೊಡೈನಮಿಕ್ಸ್ ತರಗತಿಯಲ್ಲಿ ನಿದ್ದೆ ಬರಿಸಿದ್ದ ವಿಷಯ ಇಲ್ಲಿ ನಿದ್ದೆ ಕೆಡಿಸಿತು. ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳ ಬಗ್ಗೆ ಬರೆದ ಪ್ರಬಂಧವನ್ನು ಪೆನ್ಸಿಲ್ ಹಿಡಿದು ಎರಡು ಸಲ ಓದಿದೆ. ಶ್ರೀರಂಗಪಟ್ಟಣ ಬಿದ್ದ ನಂತರ ರಾಕೆಟ್‌ಗಳು ಇಂಗ್ಲೆಂಡಿನ ವುಲಿಚ್‌ಗೆ ಹೋದವು. ವಿಲಿಯಂ ಕಾಂಗ್ರೀವ್ ಅದೇ ದಾರಿಯಲ್ಲಿ ಹೊಸ ರಾಕೆಟ್ ಮಾಡಿದ. 1807ರಲ್ಲಿ ಕೋಪನ್‌ಹೇಗನ್ ಪಟ್ಟಣದ ಮೇಲೆ ಅವು ಬಿದ್ದವು. ಕಾಂಗ್ರೀವ್ ಹೆಸರು ಪುಸ್ತಕಗಳಲ್ಲಿದೆ. ಕೊಳವೆ ಬಡಿದ ನಮ್ಮ ಕಮ್ಮಾರರಲ್ಲಿ ಒಬ್ಬರ ಹೆಸರೂ ನನಗೆ ಎಲ್ಲೂ ಸಿಗಲಿಲ್ಲ.

ನಾವು ಲ್ಯಾಬ್‌ನಲ್ಲಿ ಒಂದು ಮಾದರಿ ಮಾಡಿದೆವು. ಪಿವಿಸಿ ಪೈಪನ್ನು ಉದ್ದುದ್ದ ಸೀಳಿ, ಒಳಗೆ ಮದ್ದು ತುಂಬುವ ಜಾಗ, ಬಾಯಿ, ಹಿಂದೆ ಆಳೆತ್ತರಕ್ಕಿಂತ ಉದ್ದದ ನಿಜವಾದ ಬಿದಿರು. ಪಕ್ಕದಲ್ಲಿ ಅದೇ ಅಳತೆಯ ಕಾಗದದ ಕೊಳವೆ. ಮಕ್ಕಳು ಎರಡನ್ನೂ ಹಿಸುಕಿ ನೋಡಬೇಕು, ಅಷ್ಟೆ. ಕರೆಂಟ್ ಬೇಡ, ಸ್ಕ್ರೀನ್ ಬೇಡ. ಗೋಡೆಗೆ ತಾಗದಂತೆ ಒಂದು ಮೇಜಿನ ಮೇಲೆ ಇಟ್ಟರೆ ಸಾಕು.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಲೇಬಲ್ ಬರೆಯಲು ಕೂತಾಗ ಜಗಳ ಶುರುವಾಯಿತು.

ನಿಂತು ಓದುವವರಿಗೆ ಅರವತ್ತು ಪದ ಸಾಕು ಅಂತ ನಾವೇ ಲೆಕ್ಕ ಹಾಕಿಕೊಂಡಿದ್ದೆವು. 1799ರ ಮೇ 4ರ ಬಗ್ಗೆ ಒಂದು ಲೇಬಲ್. ಕಂಪ್ಯೂಟರ್ ಸೈನ್ಸ್ ಗೆಳೆಯ ‘ಶ್ರೀರಂಗಪಟ್ಟಣದ ಪತನ’ ಎಂದು ಟೈಪ್ ಮಾಡಿದ. ‘ಪತನ’ ಅಂದರೆ ತಾನಾಗೇ ಬಿದ್ದಹಾಗೆ ಆಯಿತು, ಬೀಳಿಸಿದವರು ಯಾರು ಅಂತ ನಾನು ಕೇಳಿದೆ. ‘ಇಂಗ್ಲಿಷರು ಗೆದ್ದರು’ ಅಂದರೆ? ಬರೀ ಇಂಗ್ಲಿಷರಾ? ಕಂಪನಿಯ ಜೊತೆ ಹೈದರಾಬಾದಿನ ನಿಜಾಮನ ಪಡೆಯಿತ್ತು. ಕಂಪನಿಯ ಪಡೆಯಲ್ಲೂ ಹೆಚ್ಚಿನವರು ಈ ದೇಶದ ಸಿಪಾಯಿಗಳೇ. ಪೊಲ್ಲಿಲೂರಿನಲ್ಲಿ ಬೇಲಿಯ ಜೊತೆ ಸತ್ತವರಲ್ಲೂ ಅವರೇ ಹೆಚ್ಚು. ನಮ್ಮ ಪಠ್ಯಪುಸ್ತಕದ ‘ಇಂಗ್ಲಿಷ್ ಸೈನ್ಯ’ ಅನ್ನುವ ಎರಡು ಪದಗಳ ಕೆಳಗೆ ಅಷ್ಟು ಜನ ಮುಚ್ಚಿಹೋಗಿದ್ದಾರೆ ಎಂದು ನನಗೆ ಗೊತ್ತಾಗಿದ್ದು ಅವತ್ತೇ.

ಕೊನೆಗೆ ನಾನು ಬರೆದೆ: ‘ತನ್ನ ನಾಡನ್ನು ಕಾಯುತ್ತಾ ಟಿಪ್ಪು ಹೋರಾಡಿ ಸತ್ತ ದಿನ.’ ನನಗೆ ಅದು ಚೆನ್ನಾಗಿಯೇ ಕಂಡಿತು.

ಕೊಡಗಿನ ಗೆಳತಿ ಓದಿ ಸುಮ್ಮನಾದಳು. ಸ್ವಲ್ಪ ಹೊತ್ತಾದ ಮೇಲೆ, ‘ಇದು ನಿಮ್ಮೂರಿನ ಲೇಬಲ್. ನಮ್ಮನೇಲಿ ಈ ಪಟ್ಟಣದ ಹೆಸ್ರು ಬಂದ್ರೆ ಅಜ್ಜಿ ಮಾತಾಡೋದನ್ನೇ ನಿಲ್ಲಿಸ್ತಾರೆ’ ಎಂದಳು. ಕೊಡಗಿನ ಮೇಲೆ ಟಿಪ್ಪು ನಡೆಸಿದ ದಂಡಯಾತ್ರೆಗಳಲ್ಲಿ ಸೆರೆ ಹಿಡಿದವರನ್ನು ತಂದಿದ್ದು ಇದೇ ಶ್ರೀರಂಗಪಟ್ಟಣಕ್ಕೆ. ಎಷ್ಟು ಜನ ಎನ್ನುವ ಬಗ್ಗೆ ಇತಿಹಾಸಕಾರರಲ್ಲೇ ವಾದವಿದೆ. ತಂದದ್ದರ ಬಗ್ಗೆ ವಾದವಿಲ್ಲ. ‘ನಾಡು ಕಾಯ್ತಾ ಅಂತ ಬರೀತೀಯಲ್ಲ, ಯಾರ ನಾಡು? ನಾನು ಈ ಲೇಬಲ್ ಮುಂದೆ ನನ್ನ ಅಜ್ಜೀನ ಕರ್ಕೊಂಡ್ಬಂದು ನಿಲ್ಲಿಸ್ಬಹುದಾ?’

ನಾನು ಏನೋ ಜೋರಾಗಿ ಹೇಳಿದೆ. ಅವಳೂ ಹೇಳಿದಳು. ಆ ವಾರ ನಾವಿಬ್ಬರೂ ಗ್ರೂಪ್‌ನಲ್ಲಿ ಮೆಸೇಜ್ ಹಾಕಲಿಲ್ಲ. ಟಿಪ್ಪು ಹೆಸರು ಬಂದರೆ ನಮ್ಮ ರಾಜ್ಯದಲ್ಲಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಅದು ನಾಲ್ಕು ಜನರ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದೀತು ಅಂತ ನಾನು ಅಂದುಕೊಂಡಿರಲಿಲ್ಲ.

ಮಾತು ಬಿಟ್ಟ ಆ ವಾರದಲ್ಲೇ, ಬೇರೆ ದೇಶದವರು ಇಂಥ ಗೋಡೆಗಳನ್ನು ಏನು ಮಾಡಿದ್ದಾರೆ ಎಂದು ಹುಡುಕುತ್ತಾ ಕೂತೆ. ಬೆಲ್ಜಿಯಂನ ಟೆರ್ವುರೆನ್ ಎಂಬಲ್ಲಿ ಆಫ್ರಿಕಾ ಮ್ಯೂಸಿಯಂ ಇದೆ. ಕಾಂಗೋವನ್ನು ತಾವು ಆಳಿದ್ದನ್ನು ಹೊಗಳಿಕೊಳ್ಳಲು ಕಟ್ಟಿದ್ದು. 2013ರಿಂದ ಐದು ವರ್ಷ ಮುಚ್ಚಿ, ಪ್ರದರ್ಶನವನ್ನೆಲ್ಲ ಬದಲಿಸಿ, 2018ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದರು. ಅಲ್ಲೊಂದು ಗೋಡೆಯ ಮೇಲೆ ಕಾಂಗೋದಲ್ಲಿ ಸತ್ತ 1,508 ಬೆಲ್ಜಿಯನ್ನರ ಹೆಸರುಗಳಿವೆ. ಸತ್ತ ಕಾಂಗೋ ಜನರದ್ದು ಒಂದೂ ಇಲ್ಲ. ಕಟ್ಟಡ ಸಂರಕ್ಷಿತವಾದದ್ದು. ಫ್ರೆಡಿ ಸಿಂಬಾ ಎಂಬ ಕಾಂಗೋದ ಕಲಾವಿದರು ಗೋಡೆಯ ತಂಟೆಗೇ ಹೋಗಲಿಲ್ಲ. 1897ರಲ್ಲಿ ಟೆರ್ವುರೆನ್‌ನಲ್ಲಿ ನಡೆದ ವಸ್ತುಪ್ರದರ್ಶನಕ್ಕೆ ಕಾಂಗೋದ 267 ಜನರನ್ನು ಕರೆತಂದು ತೋರಿಕೆಗೆ ಇಟ್ಟಿದ್ದರು. ಅವರಲ್ಲಿ ಏಳು ಜನ ಅಲ್ಲೇ ಸತ್ತರು. ಸಿಂಬಾ ಆ ಏಳು ಹೆಸರುಗಳನ್ನು ಎದುರಿನ ಕಿಟಕಿಯ ಗಾಜಿನ ಮೇಲೆ ಬರೆದರು. ಬಿಸಿಲು ಬಂದಾಗ ಅವುಗಳ ನೆರಳು 1,508 ಹೆಸರುಗಳ ಮೇಲೆ ಬೀಳುತ್ತದೆ. ಗಾಜು ಮತ್ತು ಸೂರ್ಯ, ಇಷ್ಟೇ ಸಲಕರಣೆ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದರೂ ಇಂಥದ್ದೊಂದು ಹೊಳೆಯುತ್ತದೋ ಇಲ್ಲವೋ ಅನ್ನಿಸಿತು.

ಆ ವಿಡಿಯೊವನ್ನು ಗ್ರೂಪಿಗೆ ಹಾಕಿದೆ. ಮೊದಲು ಉತ್ತರ ಬಂದಿದ್ದು ಕೊಡಗಿನವಳಿಂದಲೇ: ‘ನಾಳೆ ಲೈಬ್ರರಿ, ಹತ್ತು ಗಂಟೆ.’

ನೆರಳು ಬೀಳಿಸುವ ಕಿಟಕಿ ನಮಗಿಲ್ಲ, ಇಲ್ಲಿ ಬಿಸಿಲನ್ನು ತಡೆಯಲೆಂದೇ ಪರದೆ ಕಟ್ಟಿದ್ದಾರೆ. ಅವಳು ಬೇರೊಂದು ಉಪಾಯ ಹೇಳಿದಳು. ಇದು ಏನು ಎಂದು ಹೇಳುವ ಮೊದಲು, ಇದನ್ನು ಬರೆಸಿದವರು ಯಾರು ಎಂದು ಹೇಳೋಣ. ಪ್ರತಿ ಲೇಬಲ್‌ನ ಮೊದಲ ಸಾಲು ಅದೇ ಇರಲಿ.

ಕೇಳಲು ಸಣ್ಣದು. ಮಾಡಿ ನೋಡಿದಾಗ ಇಡೀ ಮ್ಯೂಸಿಯಂ ತಿರುಗಿ ನಿಂತಂತಾಯಿತು. ಪೊಲ್ಲಿಲೂರಿನ ಗೋಡೆಯನ್ನು ಬರೆಸಿದ್ದು ಟಿಪ್ಪು. ಆದರೆ ನಡುವೆ ಅದಕ್ಕೆ ಸುಣ್ಣ ಬಿತ್ತು. 1799ರ ನಂತರ ಈ ಅರಮನೆಯಲ್ಲಿ ವಾಸವಿದ್ದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ. ಶ್ರೀರಂಗಪಟ್ಟಣದ ಪಕ್ಕದ ಸುಲ್ತಾನಪೇಟೆಯ ತೋಪಿನಲ್ಲಿ 1799ರ ಏಪ್ರಿಲ್ 5ರ ರಾತ್ರಿ ರಾಕೆಟ್ಟು, ಗುಂಡಿನ ಹೊಡೆತಕ್ಕೆ ಹಿಂದೆ ಸರಿದಿದ್ದವನು. ಆಮೇಲೆ ಗವರ್ನರ್ ಜನರಲ್ ಡಾಲ್‌ಹೌಸಿ ಬಂದು ನೋಡಿ, ಮಾಸಿದ ಚಿತ್ರಗಳನ್ನು ಮತ್ತೆ ಬರೆಸಿದ. ಅಂದರೆ ಇವತ್ತು ನಾವು ನೋಡುತ್ತಿರುವುದು, ಇಂಗ್ಲಿಷರ ಸೋಲನ್ನು ತೋರಿಸುವ, ಇಂಗ್ಲಿಷರೇ ಮತ್ತೆ ಬಣ್ಣ ಬಳಿಸಿದ ಗೋಡೆ!

ಒಳಗೆ ರಾಬರ್ಟ್ ಕೆರ್ ಪೋರ್ಟರ್‌ನ ‘ಶ್ರೀರಂಗಪಟ್ಟಣದ ಮುತ್ತಿಗೆ’ ಚಿತ್ರವಿದೆ. ಕೋಟೆಯ ಒಡಕಿನಲ್ಲಿ ನುಗ್ಗುವ ಸೈನಿಕರು, ಹೊಗೆ, ವೀರಾವೇಶ. 1800ರ ಈ ಚಿತ್ರದ ಪೋರ್ಟರ್ ಲಂಡನ್ನಿನಲ್ಲಿದ್ದವನು, ಶ್ರೀರಂಗಪಟ್ಟಣವನ್ನು ಕಂಡವನೇ ಅಲ್ಲ. ಅಲ್ಲಿ ಟಿಕೆಟ್ ಕೊಟ್ಟು ಬರುವ ಜನರಿಗೆ ತೋರಿಸಲು ಈ ಮುತ್ತಿಗೆಯನ್ನು ಬೃಹತ್ತಾಗಿ ಬರೆದವನು. ಆ ಮುತ್ತಿಗೆಯ ಮುಂದಾಳು ಡೇವಿಡ್ ಬೇರ್ಡ್. ಅವನು ಪೊಲ್ಲಿಲೂರಿನಲ್ಲಿ ಸೆರೆಸಿಕ್ಕು 1784ರವರೆಗೆ ಶ್ರೀರಂಗಪಟ್ಟಣದಲ್ಲೇ ಬಂದಿಯಾಗಿದ್ದವನು. ಹೊರಗಿನ ಗೋಡೆಯ ಸೋಲಿನಲ್ಲಿ ಇದ್ದವನೇ ಒಳಗಿನ ಚಿತ್ರದ ಗೆಲುವಿನಲ್ಲಿದ್ದಾನೆ. ಎರಡರ ನಡುವೆ ಕೆಲವು ಹೆಜ್ಜೆಗಳ ದೂರ, ಹತ್ತೊಂಬತ್ತು ವರ್ಷಗಳ ಕಾಲ. ಇದನ್ನು ಹೇಳಲು ನೆಲದ ಮೇಲೆ ಒಂದು ಬಾಣದ ಗುರುತು ಸಾಕು: ‘ಇದೇ ಮನುಷ್ಯನನ್ನು ಒಳಗೆ ಮತ್ತೆ ನೋಡಿ.’

ಮೇ 4ರ ಲೇಬಲ್ಲಿಗೆ ನನ್ನ ‘ನಾಡು ಕಾಯುತ್ತಾ’ ಹೋಯಿತು. ‘ಟಿಪ್ಪು ಹೋರಾಡುತ್ತಾ ಸತ್ತ’ ಉಳಿಯಿತು. ಅದರ ಪಕ್ಕಕ್ಕೆ ಅಷ್ಟೇ ಗಾತ್ರದ, ಅಷ್ಟೇ ದಪ್ಪ ಅಕ್ಷರದ ಇನ್ನೊಂದು ಫಲಕ: ಕೊಡಗಿನಿಂದ ಇಲ್ಲಿಗೆ ಸೆರೆಯಾಗಿ ಬಂದವರದ್ದು. ಅದನ್ನು ಅವಳೇ ಬರೆದಳು. ನಾನು ಒಂದು ಅಕ್ಷರವನ್ನೂ ತಿದ್ದಲಿಲ್ಲ. ತಿದ್ದಬೇಕು ಅನ್ನಿಸಿದ ಒಂದು ಪದವಿತ್ತು, ಸುಮ್ಮನಿದ್ದೆ. ಈಗಲೂ ನಾವಿಬ್ಬರೂ ಟಿಪ್ಪು ಬಗ್ಗೆ ಒಂದೇ ಅಭಿಪ್ರಾಯದವರಲ್ಲ.

ಸ್ಪರ್ಧೆಯ ದಿನ ತೀರ್ಪುಗಾರರೊಬ್ಬರು ಮಾದರಿಯನ್ನು ತಿರುಗಿಸಿ ನೋಡಿ, ‘ಇದ್ರಲ್ಲಿ ಟೆಕ್ನಾಲಜಿ ಎಲ್ಲಿದೆ?’ ಅಂದರು. ಕಾಗದ ಮತ್ತು ಕಬ್ಬಿಣದ ವ್ಯತ್ಯಾಸವೇ ಟೆಕ್ನಾಲಜಿ ಸಾರ್ ಅಂತ ಹೇಳಲು ಹೊರಟೆ, ಅಷ್ಟರಲ್ಲಿ ಸಮಯ ಮುಗಿಯಿತು. ಬಹುಮಾನ ವಿಆರ್ ಹೆಡ್‌ಸೆಟ್ ತಂದಿದ್ದ ತಂಡಕ್ಕೆ ಹೋಯಿತು. ಅವರದೂ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ನಾನು ಎರಡು ಸಲ ಸಾಲಿನಲ್ಲಿ ನಿಂತು ಹಾಕಿಕೊಂಡು ನೋಡಿದೆ.

ಲೇಬಲ್‌ಗಳು ಎ4 ಹಾಳೆಯಲ್ಲಿ ನನ್ನ ಬ್ಯಾಗಿನಲ್ಲೇ ಉಳಿದಿದ್ದವು. ಕಳೆದ ತಿಂಗಳು ತಾತನನ್ನು ಕಣ್ಣಿನ ತಪಾಸಣೆಗೆ ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ವಾಪಸ್ ಬರುವಾಗ ಪಟ್ಟಣದಲ್ಲಿ ಇಳಿದೆವು. ಎಪ್ಪತ್ತು ದಾಟಿದ ತಾತ ಇಷ್ಟು ಹತ್ತಿರವಿದ್ದೂ ದರಿಯಾ ದೌಲತ್ ಒಳಗೆ ಕಾಲಿಟ್ಟಿರಲಿಲ್ಲ. ‘ಗೆಯ್ಮೆ ಬುಟ್ಟು ಬೊಂಬೆ ನೋಡಕ್ಕೆ ಯಾರ್ಲಾ ಬತ್ತರೆ’ ಎನ್ನುತ್ತಲೇ ಬಂದರು. ಗೋಡೆಯ ಮುಂದೆ ನಿಂತು, ನನ್ನ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಹಳ್ಳಿ ಶಾಲೆಯ ರಾಗದಲ್ಲಿ ಗಟ್ಟಿಯಾಗಿ ಓದತೊಡಗಿದರು. ‘ಪಲ್ಲಕ್ಕಿಯಲ್ಲಿ ಕುಳಿತವರು ಗೆದ್ದವರಲ್ಲ, ಸೋತವರು...’ ಪಕ್ಕದಲ್ಲಿದ್ದ ಎರಡು ಕುಟುಂಬದವರು ತಿರುಗಿ, ತಾತನ ಬೆರಳು ಹೋದ ಕಡೆ ನೋಡಿದರು. ಒಬ್ಬಾಕೆ, ‘ಇನ್ನೊಂದ್ ಸಲ ಓದಿ ಯಜಮಾನ್ರೇ’ ಅಂದರು. ತಾತ ಓದಿದರು. ನಮ್ಮ ಪ್ರಾಜೆಕ್ಟ್‌ಗೆ ಸಿಕ್ಕ ಮೊದಲ ಪ್ರೇಕ್ಷಕರು ಅವರೇ.

ಹೊರಗೆ ಬಂದು ಫಿರಂಗಿಯ ಹತ್ತಿರ ನಿಂತೆವು. ತಾತ ಅದರ ಮೈಮೇಲೆ ಅಂಗೈ ಇಟ್ಟು ಭಾರ ಅಂದಾಜು ಮಾಡಿದರು.

‘ಇದನ್ನ ಎಳ್ದ ಎತ್ಗಳು ಎಲ್ಲಿ ಮಗ?’

ನಾನು ಅಮೃತಮಹಲ್ ತಳಿಯ ಬಗ್ಗೆ ಓದಿದ್ದನ್ನು ಹೇಳಿದೆ. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳು, ಹೈದರ್ ಅವುಗಳನ್ನು ಸೈನ್ಯಕ್ಕೆ ಬಳಸಿದ್ದು, ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟಿದ್ದು, ಕೊನೆಗೆ ಆ ಹಿಂಡೂ ಇಂಗ್ಲಿಷರ ಸೈನ್ಯದ ಕೈಗೆ ಹೋಗಿದ್ದು. ಎದುರು ಪಡೆಗೆ ಎತ್ತಿನ ಮೇಲೆ ದವಸ ಹೊತ್ತು ತಂದವರು ಬಂಜಾರರು ಎನ್ನುವುದನ್ನೂ ಹೇಳಿದೆ. ತಾತ ಹೂಂ ಅನ್ನುತ್ತಾ ಕೇಳಿದರು.

‘ಇಷ್ಟೆಲ್ಲ ಗೊತ್ತಿದ್ದೂ ನಿನ್ ಕಾಗ್ದದಲ್ಲಿ ಒಂದ್ ಎತ್ತೂ ಇಲ್ವಲ್ಲೋ!’

ಬಸ್ಸಿನಲ್ಲಿ ಕೂತು ಗ್ರೂಪಿಗೆ ಮೆಸೇಜ್ ಹಾಕಿದೆ: ಫಿರಂಗಿ ಲೇಬಲ್‌ಗೆ ಎತ್ತು ಸೇರಿಸಬೇಕು. ‘ಆಗ್ಲೇ ಅರವತ್ತು ಪದ ಇದೆ. ಯಾವ್ದನ್ನ ತೆಗೀತೀಯ?’ ಎಂದು ಕೊಡಗಿನವಳು ಕೇಳಿದಳು. ಫಿರಂಗಿಯ ತೂಕ ತೆಗೆಯೋಣ ಅಂದೆ. ಎಲೆಕ್ಟ್ರಾನಿಕ್ಸ್‌ನವನು ಬೇಡ ಅಂದ, ತೂಕ ಇಲ್ಲದಿದ್ದರೆ ಎತ್ತು ಯಾಕೆ ಬೇಕಿತ್ತು ಅಂತ ಹೇಗೆ ಗೊತ್ತಾಗಬೇಕು ಎಂದು ಅವನ ವಾದ. ಪಾಂಡವಪುರ ಬಂದರೂ ಅದು ಮುಗಿದಿರಲಿಲ್ಲ.